ಶಿವಮೊಗ್ಗ–ಬೆಂಗಳೂರು 238 ಕಿ.ಮೀ.: ವಿಮಾನಕ್ಕೂ ಒಂದೂಕಾಲು ಗಂಟೆ ಯಾಕೆ ಬೇಕು?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 238 ಕಿಲೋಮೀಟರ್. ದೂರ ತೋರಿಸುವ ಜಾಲತಾಣಗಳು ಇದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ ‘18 ನಿಮಿಷದ ಹಾರಾಟ’ ಎಂದುಬಿಡುತ್ತವೆ. 2023ರ ಆಗಸ್ಟ್ 31ರಂದು ಈ ಮಾರ್ಗದಲ್ಲಿ ಇಂಡಿಗೋ ಹಾರಾಟ ಶುರುವಾದಾಗಿನ ವೇಳಾಪಟ್ಟಿ ಬೇರೆಯೇ ಹೇಳುತ್ತಿತ್ತು. ಬೆಂಗಳೂರು ಬಿಡುವುದು 9.50, ಶಿವಮೊಗ್ಗ ತಲುಪುವುದು 11.05. ವಾಪಸ್ 11.25ಕ್ಕೆ ಹೊರಟು 12.25ಕ್ಕೆ ಬೆಂಗಳೂರು. ಅಂದರೆ ಹೋಗಲು 75 ನಿಮಿಷ, ಬರಲು 60 ನಿಮಿಷ.

ಹದಿನೆಂಟು, ಅರವತ್ತು, ಎಪ್ಪತ್ತೈದು. ಮೂರೂ ಒಂದೇ ಎರಡು ನಿಲ್ದಾಣಗಳ ನಡುವಿನ ಲೆಕ್ಕ. ರಾಜ್ಯದೊಳಗಿನ ವಿಮಾನ ಸಂಪರ್ಕದ ಬಗ್ಗೆ ನಡೆಯುವ ಚರ್ಚೆಯಲ್ಲಿ ಅರ್ಧದಷ್ಟು ಗೊಂದಲ ಹುಟ್ಟುವುದು ಇಲ್ಲಿಂದಲೇ. ಕಿಲೋಮೀಟರ್ ನೋಡಿ ವಿಮಾನ ಬೇಕು ಎನ್ನುತ್ತೇವೆ. ಆದರೆ ಇಷ್ಟು ಚಿಕ್ಕ ಮಾರ್ಗಗಳಲ್ಲಿ ಪ್ರಯಾಣದ ಸಮಯ ನಿರ್ಧಾರವಾಗುವುದು ಕಿಲೋಮೀಟರಿನಿಂದಲ್ಲ. ನೆಲದ ಮೇಲೆ ಕಳೆಯುವ ಹೊತ್ತು, ಏರಲು ಇಳಿಯಲು ಹಿಡಿಯುವ ಹೊತ್ತು, ಮೋಡ ಕವಿದ ದಿನ ಇಳಿಯಲು ನಿಲ್ದಾಣದಲ್ಲಿ ಏನು ಸಲಕರಣೆ ಇದೆ ಎಂಬುದು, ಇವು ನಿರ್ಧರಿಸುತ್ತವೆ.

ದೂರದ ಲೆಕ್ಕ ಮನೆಯಲ್ಲೇ

ಮೊದಲು ದೂರವನ್ನೇ ಸರಿಯಾಗಿ ತೆಗೆಯೋಣ. ಅದಕ್ಕೆ ಯಾವ ಜಾಲತಾಣವೂ ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಕೆಂಪೇಗೌಡ ನಿಲ್ದಾಣ ಇರುವುದು 13.20 ಡಿಗ್ರಿ ಉತ್ತರ ಅಕ್ಷಾಂಶ, 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸೋಗಾನೆ 13.855 ಉತ್ತರ, 75.61 ಪೂರ್ವ. ಅಕ್ಷಾಂಶದ ವ್ಯತ್ಯಾಸ ಸುಮಾರು 0.66 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಎಲ್ಲೇ ಆದರೂ ಹತ್ತಿರಹತ್ತಿರ 111 ಕಿ.ಮೀ., ಹಾಗಾಗಿ ಉತ್ತರ ದಿಕ್ಕಿಗೆ 73 ಕಿ.ಮೀ. ರೇಖಾಂಶದ ವ್ಯತ್ಯಾಸ 2.1 ಡಿಗ್ರಿ. ಇಲ್ಲಿ ಎಚ್ಚರ ಬೇಕು: ರೇಖಾಂಶಗಳ ನಡುವಿನ ಅಂತರ ಧ್ರುವದ ಕಡೆಗೆ ಹೋದಂತೆ ಕಿರಿದಾಗುತ್ತದೆ, ಆದ್ದರಿಂದ 111ನ್ನು ಆ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಮ್ಮ ಭಾಗದಲ್ಲಿ ಅದು 0.97. ಪಶ್ಚಿಮಕ್ಕೆ 226 ಕಿ.ಮೀ. ಆಯಿತು. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 238. ಭೂಮಿ ದುಂಡಗಿದೆ ಎಂಬುದನ್ನು ಪೂರ್ತಿ ಹಿಡಿಯುವ ಸೂತ್ರ ಹಾಕಿದರೂ ಇಷ್ಟು ಹತ್ತಿರದ ಊರುಗಳಿಗೆ ಉತ್ತರ ಒಂದು ಕಿಲೋಮೀಟರ್ ಕೂಡ ಬದಲಾಗದು. ವಿಮಾನದವರು ಹೇಳುವ ನಾಟಿಕಲ್ ಮೈಲಿ ಬೇಕಿದ್ದರೆ 1.852ರಿಂದ ಭಾಗಿಸಿ, 128 ಬರುತ್ತದೆ.

ಇದೇ ಲೆಕ್ಕದಲ್ಲಿ ಬೆಂಗಳೂರಿನಿಂದ ಮಂಗಳೂರು ಸುಮಾರು 306 ಕಿ.ಮೀ., ಹುಬ್ಬಳ್ಳಿ 371, ಬೆಳಗಾವಿ 445, ಕಲಬುರಗಿ 464, ಬೀದರ್ 524. ಎಲ್ಲವೂ ರನ್‌ವೇಯಿಂದ ರನ್‌ವೇಗೆ. ಊರಿನಿಂದ ಊರಿಗೆ ಹಾಕಿದ ಲೆಕ್ಕವನ್ನು ಇದರೊಂದಿಗೆ ಬೆರೆಸಬಾರದು. ಜಾಲತಾಣಗಳಲ್ಲಿ ಆಗುವ ದೊಡ್ಡ ಎಡವಟ್ಟು ಅದೇ: ಒಂದು ಕಡೆ ನಿಲ್ದಾಣ, ಇನ್ನೊಂದು ಕಡೆ ಊರಿನ ನಡುಮಧ್ಯ. ಒಂದೇ ಊರಿಗೆ ಎರಡು ನಿಲ್ದಾಣ ಇದ್ದಲ್ಲಿ ತಪ್ಪು ಇನ್ನೂ ದುಬಾರಿ. ಗೋವಾಕ್ಕೆ ಟಿಕೆಟ್ ತೆಗೆಯುವವರು ದಾಬೋಲಿಂ ಮತ್ತು ಮೋಪಾ ನಡುವೆ ಗೊಂದಲ ಮಾಡಿಕೊಂಡರೆ ಆಕಾಶದಲ್ಲಿ ಸುಮಾರು 40 ಕಿ.ಮೀ. ವ್ಯತ್ಯಾಸ, ನೆಲದಲ್ಲಿ ಅದಕ್ಕಿಂತಲೂ ಹೆಚ್ಚು. ಟಿಕೆಟ್‌ನಲ್ಲಿರುವ ಮೂರಕ್ಷರದ ಸಂಕೇತವನ್ನು ಓದಿ ಖಚಿತ ಮಾಡಿಕೊಳ್ಳಲೇಬೇಕು. ದಾಬೋಲಿಂ ‘ಜಿಒಐ’, ಮೋಪಾ ‘ಜಿಒಎಕ್ಸ್’.

75 ನಿಮಿಷ ಎಲ್ಲಿ ಹೋಗುತ್ತದೆ?

ಟಿಕೆಟ್ ಮೇಲಿರುವ ಹೊರಡುವ ಸಮಯ ಎಂದರೆ ವಿಮಾನ ನೆಲ ಬಿಡುವ ಸಮಯವಲ್ಲ. ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದು ವಿಮಾನ ನಿಂತ ಜಾಗದಿಂದ ಕದಲುವ ಸಮಯ. ತಲುಪುವ ಸಮಯ ಎಂದರೆ ಇನ್ನೊಂದು ನಿಲ್ದಾಣದಲ್ಲಿ ನಿಂತು ಮತ್ತೆ ಅಡ್ಡಗಟ್ಟೆ ಕೊಡುವ ಸಮಯ. ಈ ಎರಡರ ನಡುವಿನದ್ದು ‘ಬ್ಲಾಕ್ ಟೈಮ್’. ಗಾಳಿಯಲ್ಲಿ ಇರುವ ಹೊತ್ತು ಅದರ ಒಂದು ಭಾಗ ಮಾತ್ರ.

ಈ ಮಾರ್ಗಕ್ಕೆ ಬಂದದ್ದು ಎಟಿಆರ್ 72-600, ಎರಡು ಪ್ರೊಪೆಲ್ಲರ್‌ಗಳ, ಇಂಡಿಗೋ ಜೋಡಣೆಯಲ್ಲಿ 78 ಸೀಟಿನ ವಿಮಾನ. ಸಮವೇಗದಲ್ಲಿ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ, 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಇಂಥ ಚಿಕ್ಕ ಹಾರಾಟಕ್ಕೆ ಅಷ್ಟು ಎತ್ತರವೂ ಬೇಡ, 14ರಿಂದ 17 ಸಾವಿರ ಅಡಿ ಸಾಕು. ಪಶ್ಚಿಮದ ಕಡೆಗೆ ಹೋಗುವವು ಸಮಸಂಖ್ಯೆಯ ಎತ್ತರದಲ್ಲಿ, ಪೂರ್ವದ ಕಡೆಗೆ ಬರುವವು ಬೆಸಸಂಖ್ಯೆಯ ಎತ್ತರದಲ್ಲಿ ಹಾರಬೇಕೆಂಬ ನಿಯಮವಿದೆ. ಹಾಗಾಗಿ ಶಿವಮೊಗ್ಗಕ್ಕೆ ಹೋಗುವಾಗ 16,000 ಅಡಿ ಎಂದಿಟ್ಟುಕೊಂಡರೆ ಬರುವಾಗ 15 ಅಥವಾ 17 ಸಾವಿರ.

ಒಂದು ಹಾರಾಟವನ್ನು ಬಿಡಿಸಿ ನೋಡೋಣ. ಟರ್ಮಿನಲ್‌ನಿಂದ ರನ್‌ವೇ ತುದಿಗೆ ಬಂದು ಸರದಿ ಕಾದು ಓಟ ಶುರುಮಾಡುವಷ್ಟರಲ್ಲಿ ಬೆಂಗಳೂರಿನಂಥ ಕಡೆ 12–15 ನಿಮಿಷ ಹೋಗಿರುತ್ತದೆ. ದೇವನಹಳ್ಳಿಯ ನೆಲವೇ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿದೆ. ಅಲ್ಲಿಂದ 16,000ಕ್ಕೆ ಏರಲು 13,000 ಅಡಿ ಬಾಕಿ. ನಿಮಿಷಕ್ಕೆ ಸರಾಸರಿ ಸಾವಿರ ಅಡಿಯಂತೆ 13 ನಿಮಿಷ, ಅಷ್ಟರಲ್ಲಿ ಸುಮಾರು 80 ಕಿ.ಮೀ. ಮುಂದೆ ಸಾಗಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳು ಬಾಯಲ್ಲೇ ಹಾಕುವ ಲೆಕ್ಕವೊಂದಿದೆ: ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಶಿವಮೊಗ್ಗದ ನೆಲ ಸುಮಾರು 2,000 ಅಡಿ ಎತ್ತರ, ಆದ್ದರಿಂದ 14 ಸಾವಿರ ಅಡಿ ಇಳಿಯಲು 42 ನಾಟಿಕಲ್ ಮೈಲಿ, ಅಂದರೆ 78 ಕಿ.ಮೀ. ಮೊದಲೇ ಮೂತಿ ತಗ್ಗಿಸಬೇಕು.

ಏರಲು 80, ಇಳಿಯಲು 78. ವಿಮಾನ ನೇರ ಗೆರೆಯಲ್ಲೇ ಹಾರುವುದಿಲ್ಲವಾದ್ದರಿಂದ ನಿಜಕ್ಕೂ ಸಾಗುವ ದೂರ 255–265 ಕಿ.ಮೀ. ಆಗುತ್ತದೆ. ಉಳಿದದ್ದು ನೂರು ಕಿ.ಮೀ. ಚಿಲ್ಲರೆ. ವಿಮಾನ ತನ್ನ ಪೂರ್ತಿ ವೇಗದಲ್ಲಿ ಹಾರುವುದು ಬರೀ 12 ನಿಮಿಷ! ಆಮೇಲೆ ಇಳಿತಕ್ಕೆ 10–11 ನಿಮಿಷ, ರನ್‌ವೇ ಸಾಲಿಗೆ ತಿರುಗಿ ಚಕ್ರ ಇಳಿಸಿ ಗಂಟೆಗೆ 210 ಕಿ.ಮೀ. ಆಸುಪಾಸಿನ ವೇಗದಲ್ಲಿ ಬಂದು ನೆಲ ಮುಟ್ಟಲು 6–7 ನಿಮಿಷ, ನಿಲ್ಲುವ ಜಾಗಕ್ಕೆ ಬರಲು 3–4 ನಿಮಿಷ. ಎಲ್ಲ ಕೂಡಿಸಿದರೆ ಒಂದು ಗಂಟೆ. ಅದರ ಮೇಲೆ ವಿಮಾನ ಕಂಪನಿ ಮುನ್ನೆಚ್ಚರಿಕೆಗೆಂದು ಹತ್ತು ಹದಿನೈದು ನಿಮಿಷ ಸೇರಿಸಿಕೊಳ್ಳುತ್ತದೆ. ನಿಗದಿತ ಹೊತ್ತಿನಿಂದ 15 ನಿಮಿಷದೊಳಗೆ ಬಂದರೆ ‘ಸಕಾಲಕ್ಕೆ ಬಂದಿತು’ ಎಂದೇ ಲೆಕ್ಕ. ಆ ಅಂಕಿ ಚೆನ್ನಾಗಿ ಕಾಣಬೇಕೆಂದರೆ ವೇಳಾಪಟ್ಟಿಯಲ್ಲಿ ಸ್ವಲ್ಪ ಸಡಿಲ ಬಿಡಲೇಬೇಕು.

ಹೋಗಲು 75, ಬರಲು 60 ಏಕೆ ಎಂಬುದರ ಉತ್ತರವೂ ಇದರಲ್ಲೇ ಇದೆ. ದೊಡ್ಡ ನಿಲ್ದಾಣದಿಂದ ಹೊರಡುವಾಗ ಸಾಲಿನಲ್ಲಿ ನಿಲ್ಲಬೇಕು. ಸೋಗಾನೆಯಲ್ಲಿ ಸಾಲೇ ಇಲ್ಲ, ಎಂಜಿನ್ ಚಾಲೂ ಆದರೆ ಐದು ನಿಮಿಷದಲ್ಲಿ ನೆಲ ಬಿಡಬಹುದು. ಗಾಳಿಯದ್ದೂ ಒಂದು ಪಾಲಿದೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನ ಪಶ್ಚಿಮ ಗಾಳಿಯಲ್ಲಿ ವಿಮಾನಗಳು ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ, ಶಿವಮೊಗ್ಗ ಇರುವುದೂ ಅದೇ ದಿಕ್ಕಿಗೆ. ಆದರೆ ವಾಪಸ್ ಬಂದಾಗ ಅದೇ ಗಾಳಿಗೆ ಎದುರಾಗಿ ಇಳಿಯಬೇಕಲ್ಲ, ಆದ್ದರಿಂದ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕು. ಚಳಿಗಾಲದ ಮೂಡಣ ಗಾಳಿಯಲ್ಲಿ ಇದು ತಿರುಗುಮುರುಗಾಗುತ್ತದೆ: ಹೊರಡುವಾಗ ಪೂರ್ವಕ್ಕೆ ಏರಿ ಸುತ್ತು ಹಾಕಬೇಕು, ಬರುವಾಗ ನೇರವಾಗಿ ಇಳಿಯಬಹುದು. ಒಂದು ಸುತ್ತಿಗೆ ಐದಾರು ನಿಮಿಷ. ಜೆಟ್‌ಗಳ ಸಾಲಿನ ನಡುವೆ ನಿಧಾನವಾಗಿ ಬರುವ ಎಟಿಆರ್‌ಗೆ ಜಾಗ ಮಾಡಿಕೊಡಲು ನಿಯಂತ್ರಣ ಗೋಪುರ ಇನ್ನಷ್ಟು ದೂರ ಸುತ್ತಿಸುವುದೂ ಇದೆ. ಎರಡು ಗಂಟೆಯ ಹಾರಾಟದಲ್ಲಿ ಐದು ನಿಮಿಷ ಯಾರ ಗಮನಕ್ಕೂ ಬಾರದು, 12 ನಿಮಿಷದ ಸಮವೇಗದ ಹಾರಾಟದಲ್ಲಿ ಬಾರದೆ ಇರದು.

ಒಂದು ಸುಲಭ ಸೂತ್ರ

ಮೇಲಿನ ವಿವರವನ್ನೆಲ್ಲ ಒಂದು ಸಾಲಿಗೆ ಇಳಿಸಬಹುದು. ದೂರ ಎಷ್ಟೇ ಇರಲಿ, 35 ನಿಮಿಷ ಸ್ಥಿರ ಖರ್ಚು. ಅದರ ಮೇಲೆ ಪ್ರತಿ 100 ಕಿ.ಮೀ. ನೇರ ದೂರಕ್ಕೆ ಎಟಿಆರ್ ಆದರೆ 12 ನಿಮಿಷ, ಜೆಟ್ ಆದರೆ 8 ನಿಮಿಷ ಸೇರಿಸಿ. ಬೆಂಗಳೂರು–ಹುಬ್ಬಳ್ಳಿ 371 ಕಿ.ಮೀ.ಗೆ ಎಟಿಆರ್‌ನಲ್ಲಿ 80 ನಿಮಿಷ, ಏರ್‌ಬಸ್ 320ರಲ್ಲಿ 65 ನಿಮಿಷ. ಬೆಂಗಳೂರು–ಮಂಗಳೂರು ಏರ್‌ಬಸ್‌ನಲ್ಲಿ ಒಂದು ಗಂಟೆ. ಬೆಳಗಾವಿಗೆ 70 ನಿಮಿಷ. ಟಿಕೆಟ್‌ಗಳಲ್ಲಿ ಕಾಣುವ ಅವಧಿಗೆ ಇದು ಐದಾರು ನಿಮಿಷದ ಅಂತರದಲ್ಲಿ ಹೊಂದುತ್ತದೆ.

ಈ ಸೂತ್ರವನ್ನು ಬೀದರ್‌ಗೆ ಹಾಕಿದರೆ ಚಿತ್ರ ತಟ್ಟನೆ ಬದಲಾಗುತ್ತದೆ. 524 ಕಿ.ಮೀ.ಗೆ ಜೆಟ್‌ನಲ್ಲಿ 77 ನಿಮಿಷ. ಶಿವಮೊಗ್ಗದ ಎರಡು ಪಟ್ಟಿಗಿಂತ ಹೆಚ್ಚು ದೂರ, ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ರಸ್ತೆಯಲ್ಲಿ ಬೀದರ್ ಸುಮಾರು 690 ಕಿ.ಮೀ., ರೈಲಿನಲ್ಲಾದರೂ ಬಸ್ಸಿನಲ್ಲಾದರೂ ಒಂದು ರಾತ್ರಿ ಪೂರ್ತಿ. ಅಲ್ಲಿನವರಿಗೆ ವಿಮಾನ ಉಳಿಸಿಕೊಡುವುದು ಎಂಟೊಂಬತ್ತು ಗಂಟೆ. ಕಲಬುರಗಿಗೂ ಹತ್ತಿರಹತ್ತಿರ ಇದೇ ಮಾತು. ಹಾಗಾಗಿ ರಾಜ್ಯದೊಳಗಿನ ವಿಮಾನ ಸೇವೆಗೆ ಹಣ ಹಾಕುವುದಿದ್ದರೆ ಮೊದಲ ಹಕ್ಕು ಕಲ್ಯಾಣ ಕರ್ನಾಟಕದ್ದು. ಇದು ಪ್ರಾದೇಶಿಕ ಅಭಿಮಾನದ ಮಾತಲ್ಲ, ನಿಮಿಷದ ಲೆಕ್ಕ. ಬೀದರ್‌ನಲ್ಲಿ 2020ರ ಫೆಬ್ರವರಿಯಲ್ಲಿ ನಾಗರಿಕ ಹಾರಾಟ ಶುರುವಾಗಿ, ನಡುವೆ ನಿಂತು, 2025ರಲ್ಲಿ ಮತ್ತೆ ಆರಂಭವಾಯಿತು. ಯಾವ ಊರಿಗೆ ವಿಮಾನ ಅತಿ ಹೆಚ್ಚು ಸಮಯ ಉಳಿಸುತ್ತದೋ ಅಲ್ಲೇ ಸೇವೆ ಹೀಗೆ ತುಂಡಾಗುವುದು ನೋವಿನ ಸಂಗತಿ.

ತದ್ವಿರುದ್ಧ ತುದಿಯಲ್ಲಿದೆ ಮೈಸೂರು. ಬೆಂಗಳೂರು ನಿಲ್ದಾಣದಿಂದ ನೇರ ದೂರ ಸುಮಾರು 157 ಕಿ.ಮೀ., ಸೂತ್ರದ ಪ್ರಕಾರ ಎಟಿಆರ್‌ನಲ್ಲಿ 54 ನಿಮಿಷ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿಯಲ್ಲಿ ಕಾರು ಎರಡು ಗಂಟೆಯೊಳಗೆ ಊರಿನಿಂದ ಊರಿಗೇ ಮುಟ್ಟಿಸುವಾಗ ಈ ಮಾರ್ಗಕ್ಕೆ ವಿಮಾನ ಆಟಕ್ಕುಂಟು ಲೆಕ್ಕಕ್ಕಿಲ್ಲ. ಮೈಸೂರಿನ ರನ್‌ವೇ 1,740 ಮೀಟರ್ ಮಾತ್ರ. ಅಲ್ಲಿಗೆ ಎಟಿಆರ್ ಬರಬಹುದೇ ಹೊರತು ಏರ್‌ಬಸ್ ಬರಲಾರದು. ಮೈಸೂರಿಗೆ ಬೇಕಾದದ್ದು ದೂರದ ಊರುಗಳಿಗೆ ಜೆಟ್, ಅದಕ್ಕೆ ಉದ್ದದ ರನ್‌ವೇ.

ಮನೆಯಿಂದ ಮನೆಗೆ

ಪ್ರಯಾಣಿಕನಿಗೆ ಕೊನೆಗೂ ಮುಖ್ಯವಾಗುವುದು ಮನೆ ಬಾಗಿಲಿನಿಂದ ಮನೆ ಬಾಗಿಲಿನ ಲೆಕ್ಕ. ಜಯನಗರದಲ್ಲಿ ಇರುವವರು ಬೆಳಗಿನ ಹೊತ್ತು ದೇವನಹಳ್ಳಿ ಮುಟ್ಟಲು ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ದೇಶೀಯ ಹಾರಾಟಗಳಿಗೆ ಲಗೇಜು ಕೊಡುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ, ಹತ್ತುವ ಗೇಟು 25 ನಿಮಿಷ ಮೊದಲು. ಹಾಗಾಗಿ ಒಂದೂವರೆ ಗಂಟೆ ಮುಂಚೆ ಅಲ್ಲಿರುವುದು ಕ್ಷೇಮ. ವಿಮಾನದಲ್ಲಿ ಒಂದೂಕಾಲು ಗಂಟೆ, ಇಳಿದು ಚೀಲ ತೆಗೆದುಕೊಳ್ಳಲು 15 ನಿಮಿಷ, ಸೋಗಾನೆಯಿಂದ ಶಿವಮೊಗ್ಗ ಪೇಟೆಗೆ ಒಂಬತ್ತು ಕಿ.ಮೀ.ಗೆ 20–25 ನಿಮಿಷ. ಒಟ್ಟು ಐದು ಗಂಟೆ ಸಮೀಪಿಸಿತು. ಜನಶತಾಬ್ದಿ ರೈಲು ಇದೇ ಊರನ್ನು ನಾಲ್ಕೂವರೆಯಿಂದ ಐದು ಗಂಟೆಯಲ್ಲಿ ಮುಟ್ಟಿಸುತ್ತದೆ, ಅದರ ಟಿಕೆಟ್ ಬೆಲೆ ವಿಮಾನದ್ದರ ಹತ್ತಿರವೂ ಬಾರದು. ರೈಲಿಗೆ ಎರಡೂ ತುದಿಯ ಆಟೋ ಸಮಯ ಸೇರಿಸಿದರೂ ವ್ಯತ್ಯಾಸ ಹೆಚ್ಚೆಂದರೆ ಒಂದು ಗಂಟೆ.

ಹಾಗಾದರೆ ಈ ವಿಮಾನ ಯಾರಿಗೆ? ಯಲಹಂಕ, ಹೆಬ್ಬಾಳದ ಕಡೆಯವರಿಗೆ ಒಂದು ಗಂಟೆ ಅಲ್ಲೇ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ದೆಹಲಿಯಿಂದಲೋ ದುಬೈಯಿಂದಲೋ ಬೆಂಗಳೂರಿಗೆ ಬಂದಿಳಿದು ಮಲೆನಾಡಿಗೆ ಹೋಗುವವರಿಗೆ. ಅವರು ಹೇಗೂ ನಿಲ್ದಾಣದ ಒಳಗೇ ಇದ್ದಾರೆ. ಯಶವಂತಪುರಕ್ಕೋ ಮೆಜೆಸ್ಟಿಕ್ಕಿಗೋ ಹೋಗಿ ಮತ್ತೆ ಆರು ಗಂಟೆ ಕಳೆಯುವ ಬದಲು ಒಂದೂಕಾಲು ಗಂಟೆಯಲ್ಲಿ ಸೋಗಾನೆ ಮುಟ್ಟುತ್ತಾರೆ. ಸಾಗರ, ತೀರ್ಥಹಳ್ಳಿ, ಹೊಸನಗರದ ಮನೆಗಳಲ್ಲಿ ಹೊರದೇಶದಲ್ಲಿರುವ ಮಕ್ಕಳು ಬರುವುದೆಂದರೆ ಈ ಕೊನೆಯ ತುಂಡು ಪ್ರಯಾಣವೇ ದೊಡ್ಡ ತಲೆನೋವಾಗಿತ್ತು. ಅಂಥವರು ಎರಡೂ ಹಾರಾಟವನ್ನು ಒಂದೇ ಬುಕಿಂಗ್‌ನಲ್ಲಿ ತೆಗೆದುಕೊಳ್ಳಬೇಕು. ಬೇರೆ ಬೇರೆ ಟಿಕೆಟ್ ಇದ್ದು ಮೊದಲನೆಯದು ತಡವಾದರೆ ಎರಡನೆಯದು ತಪ್ಪಿದ್ದಕ್ಕೆ ಯಾರೂ ಹೊಣೆಯಲ್ಲ. ವಿದೇಶದಿಂದ ಬರುವವರು ಇಮಿಗ್ರೇಶನ್, ಲಗೇಜು, ಕಸ್ಟಮ್ಸ್, ಮತ್ತೆ ಭದ್ರತಾ ತಪಾಸಣೆ ಎಲ್ಲಕ್ಕೂ ಸೇರಿ ಮೂರು ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬಾರದು.

ನೇರ ದೂರದ ನಿಜವಾದ ಬೆಲೆ ಗೊತ್ತಾಗುವುದು ಎರಡೂ ಸಣ್ಣ ನಿಲ್ದಾಣಗಳಾದಾಗ. 2023ರ ನವೆಂಬರ್‌ನಲ್ಲಿ ಸ್ಟಾರ್ ಏರ್ ಶಿವಮೊಗ್ಗದಿಂದ ತಿರುಪತಿಗೆ ಹಾರಾಟ ಆರಂಭಿಸಿತು. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ವ್ಯತ್ಯಾಸ ಕಾಲು ಡಿಗ್ರಿಯೂ ಇಲ್ಲ. ಗೆರೆ ಎಳೆದರೆ ಹೊಸದುರ್ಗ, ಶಿರಾ ಮೇಲೆ ಹಾದು, ಹಿಂದೂಪುರ ಮತ್ತು ಗೌರಿಬಿದನೂರುಗಳ ನಡುವೆ ನುಸುಳಿ, ಮದನಪಲ್ಲಿಯ ಉತ್ತರಕ್ಕೆ ಸಾಗಿ ತಿರುಪತಿಯ ನಿಲ್ದಾಣವಿರುವ ರೇಣಿಗುಂಟ ಮುಟ್ಟುತ್ತದೆ: 425 ಕಿ.ಮೀ. ರಸ್ತೆಯಾದರೆ ಬೆಂಗಳೂರಿಗೆ ಇಳಿದು ಹೋಗಬೇಕು, ಸುಮಾರು 550 ಕಿ.ಮೀ., ಹತ್ತು ಗಂಟೆ. ಜೆಟ್‌ಗೆ ಸೂತ್ರದಂತೆ 69 ನಿಮಿಷ, ಎರಡೂ ಕಡೆ ಸಾಲಿಲ್ಲದ ಕಾರಣ ಇನ್ನೂ ಐದು ನಿಮಿಷ ಕಡಿಮೆಯೇ. ನಿಲ್ದಾಣ ಮುಟ್ಟಲು ಅರ್ಧ ಗಂಟೆ, ಅಲ್ಲಿ ಕಾಯಲು ಒಂದೂಕಾಲು ಗಂಟೆ, ರೇಣಿಗುಂಟದಿಂದ ತಿರುಪತಿ ಪೇಟೆಗೆ ಅರ್ಧ ಗಂಟೆ. ಒಟ್ಟು ಮೂರೂವರೆ ಗಂಟೆಯಾದರೂ ಆರೂವರೆ ಗಂಟೆ ಉಳಿಯುತ್ತದೆ. ಸಣ್ಣ ನಿಲ್ದಾಣದಿಂದ ಸಣ್ಣ ನಿಲ್ದಾಣಕ್ಕೆ ಹಾರುವುದರ ಸೊಗಸು ಇದು: ಮಧ್ಯದ ಮಹಾನಗರವನ್ನು ತಪ್ಪಿಸುತ್ತದೆ.

ಸರ್ಕಾರದ ಪಟ್ಟಿ ಒಪ್ಪಿಕೊಂಡ ಸತ್ಯ

2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸಣ್ಣ ಊರುಗಳಿಗೂ ಅಗ್ಗದ ವಿಮಾನ ಸೇವೆ ಒದಗಿಸುವ ಉಡಾನ್ ಯೋಜನೆ ಪ್ರಕಟಿಸಿದಾಗ ‘ಒಂದು ಗಂಟೆ ಹಾರಾಟಕ್ಕೆ 2,500 ರೂಪಾಯಿ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಒಂದು ಗಂಟೆ ಎಂದರೆ 500 ಕಿ.ಮೀ. ಆಸುಪಾಸು ಎಂದು ಅರ್ಥ. ದರದ ಮಿತಿ ದೂರದ ಪ್ರಕಾರ 25 ಕಿ.ಮೀ. ಮೆಟ್ಟಿಲುಗಳಲ್ಲಿತ್ತು. ಮೊದಲ ಪಟ್ಟಿಯಲ್ಲಿ 151–175 ಕಿ.ಮೀ.ಗೆ 1,420 ರೂಪಾಯಿ, 776–800 ಕಿ.ಮೀ.ಗೆ 3,500 ರೂಪಾಯಿ. ಆಮೇಲೆ ದರಗಳು ಪರಿಷ್ಕರಣೆಯಾಗಿವೆ. ಕಿಲೋಮೀಟರ್ ಲೆಕ್ಕಕ್ಕೆ ಇಳಿಸಿ ನೋಡಿ. ಚಿಕ್ಕ ಮಾರ್ಗಕ್ಕೆ ಎಂಟರಿಂದ ಒಂಬತ್ತೂವರೆ ರೂಪಾಯಿ, ಉದ್ದದ ಮಾರ್ಗಕ್ಕೆ ನಾಲ್ಕೂವರೆ ಆಸುಪಾಸು. ಆ 35 ನಿಮಿಷದ ಸ್ಥಿರ ಖರ್ಚು ಇಲ್ಲೂ ಕುಳಿತಿದೆ. ಏರುವಾಗಲೇ ಇಂಧನ ಹೆಚ್ಚು ಸುಡುವುದು, ಪ್ರತಿ ಇಳಿತಕ್ಕೂ ಚಕ್ರ, ಬ್ರೇಕು, ಎಂಜಿನ್ ಸವೆಯುವುದು. 240 ಕಿ.ಮೀ. ಹಾರಿದರೂ 800 ಕಿ.ಮೀ. ಹಾರಿದರೂ ಏರುವುದು ಒಂದೇ ಸಲ, ಇಳಿಯುವುದೂ ಒಂದೇ ಸಲ.

ಉಡಾನ್ ಹಾರಾಟದಲ್ಲಿ ಅರ್ಧದಷ್ಟು ಸೀಟಿಗೆ ಮಾತ್ರ ಈ ದರಮಿತಿ ಅನ್ವಯ. ನಷ್ಟ ತುಂಬಲು ಕೊಡುವ ಸಹಾಯಧನ ಮೂರು ವರ್ಷ ಇರುತ್ತದೆ, ಅದರಲ್ಲಿ ರಾಜ್ಯ ಸಾಮಾನ್ಯವಾಗಿ ಶೇ 20 ಭರಿಸುತ್ತದೆ. ಮೂರು ವರ್ಷ ಮುಗಿದ ಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ರೈಲು ಐದು ಗಂಟೆಯಲ್ಲಿ ಮುಟ್ಟಿಸುವ ಮಾರ್ಗಕ್ಕೂ, ಹದಿಮೂರು ಗಂಟೆ ಹಿಡಿಯುವ ಮಾರ್ಗಕ್ಕೂ ಒಂದೇ ಮೂರು ವರ್ಷದ ಗಡುವು ಹಾಕಿದ್ದು ಸರಿಯಲ್ಲ. ಸಹಾಯಧನದ ಅವಧಿಯನ್ನು ವಿಮಾನ ಉಳಿಸಿಕೊಡುವ ಗಂಟೆಗಳಿಗೆ ಜೋಡಿಸಬೇಕು, ಕಿಲೋಮೀಟರಿಗಲ್ಲ.

ಮೋಡ ಇಳಿದರೆ ಲೆಕ್ಕ ತಪ್ಪುವುದು

ಶಿವಮೊಗ್ಗದ ರನ್‌ವೇ 3,200 ಮೀಟರ್, ರಾಜ್ಯದಲ್ಲಿ ಬೆಂಗಳೂರನ್ನು ಬಿಟ್ಟರೆ ಅತಿ ಉದ್ದದ್ದು. 2023ರ ಫೆಬ್ರವರಿ 27ರ ಉದ್ಘಾಟನೆಯಲ್ಲಿ ಈ ಉದ್ದದ ಬಗ್ಗೆ ಬಹಳ ಮಾತು ಕೇಳಿಬಂತು. ಆದರೆ ಹಾರಾಟ ಶುರುವಾದಾಗ ಅಲ್ಲಿ ರಾತ್ರಿ ಇಳಿಯುವ ವ್ಯವಸ್ಥೆ ಇರಲಿಲ್ಲ. ಮಲೆನಾಡಿನ ಅಂಚಿನ ನಿಲ್ದಾಣಕ್ಕೆ ಉದ್ದಕ್ಕಿಂತ ಮುಖ್ಯವಾದದ್ದು, ಮಂಜಿನಲ್ಲಿ ಪೈಲಟ್‌ಗೆ ದಾರಿ ತೋರಿಸುವ ಸಲಕರಣೆ. ಉಪಕರಣಗಳ ನೆರವಿಲ್ಲದೆ ಕಣ್ಣಿಗೆ ಕಂಡಷ್ಟರ ಮೇಲೆ ಇಳಿಯಬೇಕಾದರೆ 5,000 ಮೀಟರ್ ದೂರದವರೆಗೆ ನಿಚ್ಚಳ ಕಾಣಬೇಕು. ರೇಡಿಯೊ ಸಂಕೇತದಿಂದ ರನ್‌ವೇ ದಾರಿ ತೋರಿಸುವ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್‌ನ ಮೊದಲ ದರ್ಜೆ ಇದ್ದರೂ 550 ಮೀಟರ್ ಕಂಡರೆ ಸಾಕು. ಆಷಾಢ ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದ ಬೆಳಗ್ಗೆ ಸೋಗಾನೆಯ ಸುತ್ತ ಎಷ್ಟು ದೂರ ಕಾಣುತ್ತದೆ ಎಂಬುದು ಆ ಭಾಗದವರಿಗೆ ಹೇಳಬೇಕಾಗಿಲ್ಲ.

ಕಾಣದಿದ್ದರೆ ಏನಾಗುತ್ತದೆ? ವಿಮಾನ ನಿಲ್ದಾಣದ ಮೇಲೆ ಅಂಡಾಕಾರದ ಸುತ್ತು ಹೊಡೆಯುತ್ತ ಕಾಯುತ್ತದೆ, ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಅರ್ಧ ಗಂಟೆಗಾಗುವಷ್ಟು ಇಂಧನ ಮುಟ್ಟದೆ ಉಳಿಯಬೇಕು. ಆ ಗೆರೆ ಹತ್ತಿರ ಬಂದೊಡನೆ ಪೈಲಟ್ ತಿರುಗಿಸುತ್ತಾನೆ. ಶಿವಮೊಗ್ಗದಿಂದ ನೇರ ದೂರದಲ್ಲಿ ಮಂಗಳೂರು ಸುಮಾರು 126 ಕಿ.ಮೀ., ಹುಬ್ಬಳ್ಳಿ 177. ಆದರೆ ಮಳೆಗಾಲದಲ್ಲಿ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯಲ್ಲೂ ಅದೇ ಮೋಡ, ಹಾಗಾಗಿ ಬೆಂಗಳೂರಿಗೇ ವಾಪಸಾಗುವುದು ಹೆಚ್ಚು. ಎರಡೂವರೆ ಗಂಟೆ ವಿಮಾನದಲ್ಲಿ ಕುಳಿತು ಹೊರಟಲ್ಲಿಗೇ ಬಂದಿಳಿದ ಪ್ರಯಾಣಿಕ ಮತ್ತೊಮ್ಮೆ ಈ ಮಾರ್ಗದ ಟಿಕೆಟ್ ತೆಗೆಯುವ ಮುನ್ನ ಹತ್ತು ಸಲ ಯೋಚಿಸುತ್ತಾನೆ. ಸೀಟು ಖಾಲಿ ಬೀಳಲು ಶುರುವಾಗುವುದು ಹೀಗೆ.

ಇನ್ನೊಂದು ಸಂಗತಿ ಗಮನಿಸಿ: 11.05ಕ್ಕೆ ಬಂದ ವಿಮಾನವೇ 11.25ಕ್ಕೆ ವಾಪಸ್ ಹೊರಡುತ್ತಿತ್ತು. ನಡುವೆ ಇಪ್ಪತ್ತೇ ನಿಮಿಷ. ಶಿವಮೊಗ್ಗದಲ್ಲಿ ಆಕಾಶ ತಿಳಿಯಾಗಿದ್ದರೂ ಬೆಂಗಳೂರಿನಿಂದ ಆ ವಿಮಾನ ಏಳದಿದ್ದರೆ ನಿಮ್ಮ ಹಾರಾಟವೂ ಇಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಮಂಜು ಕವಿದರೆ ಅದರ ಬಿಸಿ ಸೋಗಾನೆಯಲ್ಲಿ ಕಾದವರಿಗೂ ತಟ್ಟುತ್ತದೆ. ಮನೆ ಬಿಡುವ ಮುನ್ನ ನಿಮ್ಮ ಹಾರಾಟದ ಸಂಖ್ಯೆ ನೋಡುವುದಷ್ಟೇ ಅಲ್ಲ, ಅದಕ್ಕೆ ಬರಬೇಕಾದ ವಿಮಾನ ಹಿಂದಿನ ಊರಿನಿಂದ ಹೊರಟಿದೆಯೇ ಎಂದು ನೋಡುವುದು ಹೆಚ್ಚು ಉಪಯೋಗ.

ಅವಧಿಯೂ ಹಣವೇ

ಬ್ಲಾಕ್ ಟೈಮ್‌ಗೆ ಇನ್ನೊಂದು ಮಹತ್ವವಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹಾರಾಟ ರದ್ದಾದಾಗ ಸಿಗುವ ಪರಿಹಾರವನ್ನು ಇದರ ಮೇಲೆಯೇ ನಿಗದಿ ಮಾಡಿದೆ. ಬ್ಲಾಕ್ ಟೈಮ್ ಒಂದು ಗಂಟೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯಾದರೆ 7,500, ಎರಡು ಗಂಟೆ ಮೀರಿದರೆ 10,000. ಆದರೆ ಈ ಮೊತ್ತ ಅಥವಾ ನೀವು ಕೊಟ್ಟ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಆರಂಭದ ವೇಳಾಪಟ್ಟಿಯನ್ನೇ ಹಿಡಿದರೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ 75 ನಿಮಿಷ, ಅದು 7,500ರ ಮೆಟ್ಟಿಲು. ವಾಪಸ್ ಸರಿಯಾಗಿ 60 ನಿಮಿಷ, ಅದು 5,000ದ ಮೆಟ್ಟಿಲು. ಅದೇ ಎರಡು ನಿಲ್ದಾಣ, ಅದೇ 238 ಕಿ.ಮೀ.

ಎರಡು ವಾರ ಮೊದಲೇ ರದ್ದತಿಯನ್ನು ತಿಳಿಸಿದ್ದರೆ ಈ ಪರಿಹಾರ ಇಲ್ಲ. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣಕ್ಕೂ ಇಲ್ಲ. ಮಲೆನಾಡಿನ ಮಾರ್ಗದಲ್ಲಿ ರದ್ದತಿಗೆ ಮೋಡವೇ ಕಾರಣವಾಗುವುದು ಹೆಚ್ಚಾದ್ದರಿಂದ ಈ ವಿನಾಯಿತಿ ಇಲ್ಲಿಯವರಿಗೆ ಹೆಚ್ಚು ಚುಚ್ಚುತ್ತದೆ. ಆಗಲೂ ಹಣ ವಾಪಸ್ ಅಥವಾ ಬದಲಿ ಹಾರಾಟ ಎಂಬ ಆಯ್ಕೆ ಉಳಿದಿರುತ್ತದೆ, ಅದನ್ನು ಕೌಂಟರಿನಲ್ಲೇ ಕೇಳಿ ಪಡೆಯಬೇಕು. ಹೊರಡುವುದು ಎರಡು ಗಂಟೆ ಅಥವಾ ಹೆಚ್ಚು ತಡವಾಗುವ ಹಾಗಿದ್ದರೆ, ಎರಡೂವರೆ ಗಂಟೆಯವರೆಗಿನ ಹಾರಾಟಗಳಿಗೆ ಊಟ ಉಪಾಹಾರ ಕೊಡಬೇಕೆಂಬ ನಿಯಮವೂ ಇದೆ. ರಾಜ್ಯದೊಳಗಿನ ಎಲ್ಲ ಹಾರಾಟಗಳೂ ಇದರೊಳಗೆ ಬರುತ್ತವೆ.

ದೂರ ಮತ್ತು ಅವಧಿಯ ನಡುವೆ ಸರ್ಕಾರವೂ ಒಂದೇ ಅಳತೆಗೋಲು ಹಿಡಿದಿಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಂತರ ಹಾರಾಟ ಮರುಶುರುವಾದಾಗ ದರದ ಮಿತಿಯನ್ನು ಹಾರಾಟದ ಅವಧಿಯ ಮೇಲೆ ಹಾಕಿತು, 40 ನಿಮಿಷದೊಳಗಿನದ್ದಕ್ಕೆ ಒಂದು, 40ರಿಂದ 60ಕ್ಕೆ ಇನ್ನೊಂದು, ಹೀಗೆ ಏಳು ಪಟ್ಟಿ. 2025ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಹಾರಾಟಗಳು ಸಾಲುಸಾಲಾಗಿ ರದ್ದಾಗಿ ದರ ಗಗನಕ್ಕೇರಿದಾಗ ಹಾಕಿದ ತಾತ್ಕಾಲಿಕ ಮಿತಿ ಮಾತ್ರ ದೂರದ ಮೇಲೆ: 500 ಕಿ.ಮೀ.ವರೆಗೆ 7,500 ರೂಪಾಯಿ, 500ರಿಂದ 1,000 ಕಿ.ಮೀ.ಗೆ 12,000. ಬೆಂಗಳೂರಿನಿಂದ ಕಲಬುರಗಿ 464 ಕಿ.ಮೀ., ಬೀದರ್ 524. ಹಾರಾಟದ ಹೊತ್ತಿನಲ್ಲಿ ಎರಡಕ್ಕೂ ಐದು ನಿಮಿಷದ ವ್ಯತ್ಯಾಸ, ದರದ ಮಿತಿಯಲ್ಲಿ 4,500 ರೂಪಾಯಿಯದ್ದು.